ಬೋಣಿಯ ಕೈ

ತಿ. ನರಸೀಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಾನು ಸಣ್ಣ ಅಂಗಡಿಗಳ ವಕೀಲೆ ಎಂದೇ ಹೆಸರುವಾಸಿ. ಯಾರಾದರೂ ದೊಡ್ಡ ಮಾರ್ಟಿನಿಂದ ತಂದ ಬಿಸ್ಕತ್ತಿನ ಪ್ಯಾಕೆಟ್ ಬಿಚ್ಚಿದರೆ ಸಾಕು, ನನ್ನ ಭಾಷಣ ಶುರುವಾಗುತ್ತದೆ. ನಮ್ಮೂರಿನ ದುಡ್ಡು ನಮ್ಮೂರಿನಲ್ಲೇ ಓಡಾಡಬೇಕು, ಬೀದಿಯಲ್ಲಿ ಅಂಗಡಿ ಇಲ್ಲದಿದ್ದರೆ ಬೀದಿಗೆ ಕಣ್ಣೇ ಇರುವುದಿಲ್ಲ, ಇತ್ಯಾದಿ. ಸಮಾಜ ವಿಜ್ಞಾನದ ಮೇಷ್ಟ್ರು ಹೌದೌದು ಎಂದು ತಲೆಯಾಡಿಸುತ್ತಾರೆ. ಗಣಿತದ ಮೇಷ್ಟ್ರೂ ತಲೆಯಾಡಿಸುತ್ತಾರೆ, ಆದರೆ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಭಾಷಣದಲ್ಲಿ ಸುಳ್ಳೇನೂ ಇಲ್ಲ. ಆದರೆ ನಂಜನಗೂಡಿನ ನಮ್ಮ ಬೀದಿಯ ದಿನಸಿ ಅಂಗಡಿಯನ್ನು ನಾನು ಬಿಡದೆ ಹಿಡಿದಿರುವುದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ವಿಜ್ಞಾನ ಪಾಠ ಮಾಡುವವಳು ಅದನ್ನು ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ. ಆ ಅಂಗಡಿಯಲ್ಲಿ ಬೆಳಗಿನ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನ ಕೈಯಿಂದ ಆಗಬೇಕು. ನನ್ನ ಕೈಗುಣ ಅಷ್ಟು ಒಳ್ಳೆಯದಂತೆ. ಬೆಳಿಗ್ಗೆ ನಂಜನಗೂಡಿನಲ್ಲಿ ಬೋಣಿ ಮಾಡಿ ಬಂದವಳು, ಹತ್ತೂವರೆಗೆ ನರಸೀಪುರದಲ್ಲಿ ಒಂಬತ್ತನೇ ತರಗತಿಯವರಿಗೆ ಮೂಢನಂಬಿಕೆ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎರಡಕ್ಕೂ ಒಂದೇ ಕೈ.

ಇದು ಶುರುವಾದದ್ದು ಹೀಗೆ. ಕೆಲವು ವರ್ಷಗಳ ಹಿಂದೆ ನನ್ನ ಗಂಡ ತೀರಿಕೊಂಡರು. ಆ ದುಃಖವನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಸ್ವಂತದ್ದು. ಬರೆಯಬೇಕಾದದ್ದು ಎದುರುಮನೆಯ ಯಜಮಾನರ ವಿಷಯ. ಅವರು ಬೆಳಿಗ್ಗೆ ಹಾಲಿಗೆಂದು ಕ್ಯಾನು ಹಿಡಿದು ಹೊರಡುವ ಹೊತ್ತಿಗೇ ನಾನೂ ಬಸ್ಸಿಗೆಂದು ಗೇಟು ತೆಗೆಯುತ್ತಿದ್ದೆ. ಮೊದಲೆಲ್ಲ "ಏನಮ್ಮಾ, ಬಸ್ಸಿಗಾ?" ಎನ್ನುತ್ತಿದ್ದರು. ನನ್ನ ಹಣೆಯ ಕುಂಕುಮ ಹೋದ ಮೇಲೆ ಆ ಪ್ರಶ್ನೆಯೂ ಹೋಯಿತು. ನನ್ನನ್ನು ಕಂಡ ಕೂಡಲೇ ಏನೋ ಮರೆತವರ ಹಾಗೆ ಒಳಗೆ ತಿರುಗುತ್ತಿದ್ದರು. ಒಂದಿಷ್ಟು ಹೊತ್ತು ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡುತ್ತಿದ್ದರು. ನನ್ನ ದೆಸೆಯಿಂದ ಅವರು ಕುಡಿದ ನೀರು ಸಾಮಾನ್ಯವಲ್ಲ. ಇವತ್ತಿಗೂ ಅವರ ಮೂತ್ರಪಿಂಡಗಳು ಗಟ್ಟಿಮುಟ್ಟಾಗಿದ್ದರೆ ಅದರಲ್ಲಿ ನನ್ನದೂ ಒಂದು ಪಾಲಿದೆ.

ಈಗ ನಗಾಡಿಕೊಂಡು ಬರೆಯುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಕಿಟಕಿಯ ಸಂದಿಯಿಂದ ನೋಡಿ, ಅವರು ಹಾಲಿಗೆ ಹೋದದ್ದು ಖಾತ್ರಿಯಾದ ಮೇಲೆ ಹೊರಗೆ ಬರುವುದನ್ನು ರೂಢಿ ಮಾಡಿಕೊಂಡೆ. ಅವರಿಗೆ ಎದುರಾಗಬಾರದು, ಯಾವ ಕೆಲಸಕ್ಕೆ ಹೊರಟವರಿಗೂ ಎದುರಾಗಬಾರದು ಎಂದು ತಲೆ ತಗ್ಗಿಸಿ ಬಿರಬಿರನೆ ನಡೆಯುತ್ತಿದ್ದೆ. ಬಸ್ಸು ತಪ್ಪುತ್ತಿತ್ತು. ಹೆಡ್‌ಮಾಸ್ಟರ್ ಗಡಿಯಾರ ನೋಡುತ್ತಿದ್ದರು.

ಹಾಗೆ ಓಡುತ್ತಿದ್ದ ಒಂದು ಬೆಳಿಗ್ಗೆ ಅಂಗಡಿಯಮ್ಮ ನನ್ನನ್ನು ತಡೆದರು. ಬೀದಿಯ ಮೂಲೆಯಲ್ಲಿ ಹಳೆಯ ಹೆಂಚಿನ ಕಟ್ಟಡ, ಹಲಗೆ ಬಾಗಿಲು, ಅದರೊಳಗೆ ಅಕ್ಕಿ ಬೇಳೆಯಿಂದ ಹಿಡಿದು ಬೀಡಿ ಬೆಂಕಿಪೊಟ್ಟಣದ ತನಕ ಎಲ್ಲವನ್ನೂ ತುಂಬಿಕೊಂಡ ಅಂಗಡಿ. ಅವರ ಗಂಡ ಸತ್ತು ಬಹಳ ಕಾಲವಾಗಿತ್ತು. ಅಂದಿನಿಂದ ಅಂಗಡಿ ಅವರದೇ, ಮಾತೂ ಅವರದೇ.

"ಟೀಚ್ರಮ್ಮ, ಅಂಗೇ ಓಗ್ಬುಟ್ರೆ ಎಂಗೆ? ಇನ್ನೂವೆ ಬೋಣಿ ಆಗಿಲ್ಲ. ಬನ್ನಿ, ಏನಾರ ತಕಳಿ."

"ಬೇರೆ ಯಾರಾದ್ರೂ ಬರ್ಲಿ ಬಿಡಿ," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಯಾಕೆ ಬೇರೇರು? ನಿಮ್ಮ ಕೈಗುಣ ಬೋ ಚೆನ್ನಾಗದೆ. ಓದ ವಾರ ನೀವು ಸೀಗೇಕಾಯಿ ತಕಂಡೋದ್ರಲ್ಲ, ಅವತ್ತು ಸಂಜೆಗಂಟ ಕೂರಕ್ಕೆ ಪುರುಸೊತ್ತು ಸಿಕ್ಲಿಲ್ಲ ನಂಗೆ."

ಹೋದ ವಾರ ಸೀಗೇಕಾಯಿ ಕೊಂಡ ನೆನಪು ನನಗಿರಲಿಲ್ಲ. ಆದರೆ ನಿನ್ನಿಂದ ಒಳ್ಳೆಯದಾಯಿತು ಎಂದು ಯಾರಾದರೂ ಹೇಳುವಾಗ ಪುರಾವೆ ಕೇಳುತ್ತಾರೆಯೇ? ಕಡ್ಲೆಮಿಠಾಯಿ ಕೊಂಡೆ. ನಾನು ಕೊಟ್ಟ ನೋಟನ್ನು ಅವರು ಎರಡು ಕಣ್ಣಿಗೂ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಅವತ್ತು ಬಸ್‌ಸ್ಟ್ಯಾಂಡಿನ ತನಕ ತಲೆ ಎತ್ತಿಕೊಂಡು ನಡೆದೆ.

ಮರುದಿನ ಕಿಟಕಿಯಲ್ಲಿ ಇಣುಕಲಿಲ್ಲ. ಅಂಗಡಿಯಲ್ಲಿ ಬೋಣಿಗೆ ಕಾಯುತ್ತಿರುತ್ತಾರಲ್ಲ, ತಡಮಾಡುವ ಹಾಗಿರಲಿಲ್ಲ. ಯಜಮಾನರು ನೀರು ಕುಡಿಯುವುದಿದ್ದರೆ ಕುಡಿದುಕೊಳ್ಳಲಿ ಎಂದು ಗೇಟನ್ನು ದಡಾರನೆ ತೆಗೆದು ಹೊರಟೆ.

ಬೋಣಿ ಎಂದರೆ ಸುಮ್ಮನೆ ಅಲ್ಲ, ಅದಕ್ಕೊಂದು ಶಿಸ್ತಿದೆ. ಹುಣಿಸೆಹಣ್ಣು, ಪೊರಕೆ, ಹರಳೆಣ್ಣೆ ಇವುಗಳಿಂದ ದಿನ ಶುರುವಾಗಕೂಡದು. ಸಿಹಿಯೇ ಆಗಬೇಕು. ಚೌಕಾಸಿ ಮಾಡಕೂಡದು. ಕೇಳಿದ್ದು ಅಂಗಡಿಯಲ್ಲಿ ಇಲ್ಲದಿದ್ದರೆ ಅಂಗಡಿಯಮ್ಮ ಇಲ್ಲ ಎನ್ನಕೂಡದು, "ನಾಳೆ ಬತ್ತದೆ" ಎನ್ನಬೇಕು. ಹೀಗೆ ಮೂರು ವರ್ಷದಿಂದ ನಾಳೆ ಬರುತ್ತಿರುವ ಒಂದು ಟೀ ಜರಡಿ ಇದೆ. ಫೋನಿನಲ್ಲಿ ದುಡ್ಡು ಕೊಡುವ ಕಾಲ ಬಂದ ಮೇಲೆ ನಾನು ಒಮ್ಮೆ ಚಿಲ್ಲರೆ ಇಲ್ಲದೆ ಸ್ಕ್ಯಾನ್ ಮಾಡಿದೆ. ದುಡ್ಡು ಬಂತೆಂದು ಕೂಗುವ ಪುಟ್ಟ ಡಬ್ಬಿ ಕೂಗಿತು. ಅಂಗಡಿಯಮ್ಮ ಒಂದು ಗಳಿಗೆ ಯೋಚಿಸಿ, ಡಬ್ಬಿಯನ್ನೇ ಎತ್ತಿ ಕಣ್ಣಿಗೆ ಒತ್ತಿಕೊಂಡರು.

ದಿನಾ ಸಿಹಿ ಕೊಂಡು ನಾನೇನು ಮಾಡಲಿ? ಕಡ್ಲೆಮಿಠಾಯಿ ಸ್ಟಾಫ್ ರೂಮಿಗೆ ಹೋಗುತ್ತಿತ್ತು. ನನ್ನದು ಧಾರಾಳ ಸ್ವಭಾವ ಎಂದು ಎಲ್ಲರೂ ತಿಳಿದುಕೊಂಡರು. ಗಣಿತದ ಮೇಷ್ಟ್ರಿಗೆ ಒಂದು ಹಲ್ಲು ಹೋಯಿತು.

ಅಷ್ಟರಲ್ಲಿ ಊಟಿ ರಸ್ತೆಯಲ್ಲಿ ಒಂದು ಮಾರ್ಟು ಬಂತು. ಇಡೀ ರಾಜ್ಯದಲ್ಲಿ ಇಂಥವೇ ಹತ್ತಾರು ಅಂಗಡಿ ಇರುವವರದು. ಒಂದು ಕೊಂಡರೆ ಒಂದು ಬಿಟ್ಟಿ, ಒಳಗೆ ತಣ್ಣಗೆ ಗಾಳಿ, ಗಾಡಿ ನಿಲ್ಲಿಸಲು ಜಾಗ. ನಮ್ಮ ಬೀದಿಯವರೆಲ್ಲ ನೋಡಿಕೊಂಡು ಬರುವ ನೆಪದಲ್ಲಿ ಹೋಗಿ ಎರಡೂ ಕೈತುಂಬ ಚೀಲ ಹಿಡಿದು ಬಂದರು. ನಾನು ಹೋಗಲಿಲ್ಲ. ನನ್ನ ಕೈ ಮೊದಲೇ ಮೂಲೆ ಅಂಗಡಿಗೆ ಮುಡಿಪಾಗಿಬಿಟ್ಟಿತ್ತಲ್ಲ! ಸ್ಟಾಫ್ ರೂಮಿನ ಭಾಷಣ ಶುರುವಾದದ್ದು ಆಗಲೇ.

ಎಲ್ಲ ಕೆಟ್ಟದ್ದು ಬಸ್ಸಿನಲ್ಲಿ. ಸುತ್ತೂರಿನ ಮೇಲೆ ಹೋಗುವ ನಮ್ಮ ಬಸ್ಸಿನಲ್ಲಿ ಒಂದು ದಿನ ನಮ್ಮ ಹಿಂದಿನ ಬೀದಿಯ ನರ್ಸಮ್ಮ ನನ್ನ ಪಕ್ಕ ಕೂತರು. ನರಸೀಪುರದಲ್ಲಿ ಡ್ಯೂಟಿ. ಅವರು ಟಿಕೆಟ್ಟಿಗೆಂದು ಬ್ಯಾಗು ತೆಗೆದಾಗ ಅದರೊಳಗೆ ಕಡ್ಲೆಮಿಠಾಯಿ ಕಂಡಿತು. ನನ್ನ ಬ್ಯಾಗಿನಲ್ಲಿದ್ದ ಹಾಗೆಯೇ ಹಳೇ ಪೇಪರಿನಲ್ಲಿ ಸುತ್ತಿದ್ದು.

"ನಿಮಗೂ ಇದು ಇಷ್ಟವಾ?" ಎಂದೆ.

ನರ್ಸಮ್ಮ ಆಚೆ ಈಚೆ ನೋಡಿ ನನ್ನ ಕಿವಿಯ ಹತ್ತಿರ ಬಂದರು. "ಇಷ್ಟ ಏನಿಲ್ಲ ರೀ. ಯಾರ್ಗೂ ಹೇಳ್ಬೇಡಿ, ನಗ್ತಾರೆ. ಮೂಲೆ ಅಂಗಡೀಲಿ ದಿನಾ ನಾನೇ ಬೋಣಿ ಮಾಡ್ಬೇಕು. ನನ್ನ ಕೈಗುಣ ಅಂತೆ. ಮಾಡದೆ ಬಂದ್ರೆ ಆ ಯಮ್ಮ ಬೇಜಾರು ಮಾಡ್ಕೋತಾರೆ."

ಟಿಕೆಟ್ ಕೊಡಲು ಬಗ್ಗಿದ್ದ ಕಂಡಕ್ಟರ್ ಅದನ್ನು ಕೇಳಿಸಿಕೊಂಡು ನೆಟ್ಟಗೆ ನಿಂತ. "ಯೇ, ಏನ್ ಮೇಡಂ ನೀವು! ಬೋಣಿ ಮಾಡೋನು ನಾನು ಕಣ್ರೀ. ನಂಗೇ ಯೋಳವ್ಳೆ ಆ ಯಮ್ಮ, ನಿನ್ ಕೈ ಬಿದ್ರೆ ಗಲ್ಲಾ ತುಂಬ್ತದೆ ಅಂತ." ಹೇಳುತ್ತಲೇ ಖಾಕಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದ. ಅದೂ ಕಡ್ಲೆಮಿಠಾಯಿ.

ನಾನು ನನ್ನದನ್ನು ತೋರಿಸಲಿಲ್ಲ. ಕಿಟಕಿಯ ಆಚೆ ಕಬ್ಬಿನ ಗದ್ದೆಯನ್ನು ನೋಡುತ್ತ ಕೂತೆ. ಅವರಿಬ್ಬರೂ ಜೋರಾಗಿ ನಗುತ್ತಿದ್ದರು. ಅವರಿಗೆ ಅದು ತಮಾಷೆ. ನಾನು ಮಾತ್ರ ನಗಲಾರದೆ ಹೋದೆ. ಕೈಗುಣ ಎಂಬುದೆಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಮಾಡುವವಳಿಗೆ, ತನ್ನ ಕೈಗುಣ ಸುಳ್ಳು ಎಂದು ತಿಳಿದಾಗ ಅಳು ಬರುವುದೇ? ಬಂತು.

ಸಿಟ್ಟಿನಲ್ಲಿ ಆ ಭಾನುವಾರ ಮಾರ್ಟಿಗೆ ಹೋದೆ. ಹೋದದ್ದೂ ಹೇಗೆ, ಬಾಗಿಲು ತೆಗೆಯುವ ಹೊತ್ತಿಗೇ. ಗಾಜಿನ ಬಾಗಿಲು ತಾನಾಗಿ ಸರಿದು ದಾರಿ ಬಿಟ್ಟಿತು. ಒಳಗೆ ಯಾರೂ ಇಲ್ಲ. ನಾನೇ ಮೊದಲು. ಯಾರೂ ಮಾತಾಡಿಸಲಿಲ್ಲ, ಯಾವುದೂ ನಾಳೆ ಬರುವುದಿರಲಿಲ್ಲ, ಎಲ್ಲ ಇವತ್ತೇ ಇತ್ತು. ಟೀ ಜರಡಿಯೇ ಆರು ನಮೂನೆ. ಒಂದು ಜರಡಿ, ಒಂದು ಉಂಡೆ ಬೆಲ್ಲ ತೆಗೆದುಕೊಂಡು ಬಿಲ್ಲಿನ ಹತ್ತಿರ ಹೋದೆ. ಕೂತಿದ್ದ ಹುಡುಗಿ ಫೋನ್ ನಂಬರ್ ಕೇಳಿದಳು. ಕೊಡಲಿಲ್ಲ. ನೋಟು ಕೊಟ್ಟೆ. ಕೊಟ್ಟವಳು ಅಲ್ಲೇ ನಿಂತೆ.

"ಇನ್ನೇನಾದ್ರೂ ಬೇಕಿತ್ತಾ ಮೇಡಮ್?"

"ಬೋಣಿ ಅಲ್ವೇನಮ್ಮಾ? ಕಣ್ಣಿಗೆ ಒತ್ಕೊಳ್ಳಲ್ವಾ?"

ಹುಡುಗಿ ಮೇಲಿದ್ದ ಕ್ಯಾಮೆರಾದ ಕಡೆ ಕಣ್ಣು ಹಾಯಿಸಿದಳು. ಆಮೇಲೆ ಏನೋ ಬೀಳಿಸಿಕೊಂಡವರ ಹಾಗೆ ಮೇಜಿನ ಕೆಳಗೆ ಬಗ್ಗಿ, ಅಲ್ಲೇ ನೋಟನ್ನು ಎರಡು ಕಣ್ಣಿಗೂ ಒತ್ತಿಕೊಂಡು ಮೇಲೆದ್ದಳು. "ನಮ್ಮೂರು ದೇವನೂರು ಮೇಡಮ್. ನಮ್ಮಪ್ಪನೂ ತರಕಾರಿ ಗಾಡಿ ಮಡಗಿತ್ತು," ಎಂದಳು. ಅವಳ ಮೇಲೆ ನನಗೆ ಸಿಟ್ಟು ಮಾಡಲಾಗಲಿಲ್ಲ.

ಮಧ್ಯಾಹ್ನ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಬಂದೆ. ಮಾರ್ಟಿನ ಮುಂದೆ ಕಾರು, ಸ್ಕೂಟರು, ಆಟೋ, ಕಾಲಿಡಲು ಜಾಗವಿಲ್ಲ. ಒಳಗೆ ಜಾತ್ರೆ. ಭಾನುವಾರವಲ್ಲವೇ, ಸಂಬಳದ ವಾರವಲ್ಲವೇ, ಎಂದು ನನಗೆ ನಾನೇ ವಿವರಿಸಿಕೊಂಡೆ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಅದರಿಂದ ಇದಾಯಿತು ಎನ್ನಬಾರದು ಎಂದು ಎಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ! ಆದರೂ ಸೀರೆಯ ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು ಮನೆಗೆ ಬಂದೆ.

ಸೋಮವಾರ ಅಂಗಡಿಯ ಮುಂದೆ ಬಿರುಸಾಗಿ ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯಮ್ಮ, "ಟೀ ಜರಡಿ ಚೆನ್ನಾಗಿದ್ದದಾ?" ಎಂದರು. ಊರಲ್ಲಿ ಕ್ಯಾಮೆರಾ ಇರುವುದು ಮಾರ್ಟಿನಲ್ಲಿ ಮಾತ್ರವಲ್ಲ.

"ಅದಿರಲಿ," ಎಂದೆ. "ನರ್ಸಮ್ಮನಿಗೂ ಅದೇ ಹೇಳಿದ್ದೀರಿ, ಕಂಡಕ್ಟರ್‌ಗೂ ಅದೇ ಹೇಳಿದ್ದೀರಿ. ದಿನಕ್ಕೆ ಎಷ್ಟು ಬೋಣಿ ನಿಮ್ಮ ಅಂಗಡಿಗೆ?"

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನರ್ಸಮ್ಮುಂದು ಹಾಲಿನ ಬೋಣಿ. ಕಂಡಕ್ಟ್ರುದು ಬೀಡಿ ಬೋಣಿ. ನಿಮ್ದು ದಿನಸಿ ಬೋಣಿ. ಒಂದುಕ್ಕೊಂದು ಸೇರಕಿಲ್ಲ ಕಣವ್ವ."

"ಮತ್ತೆ ಮೂವರಿಗೂ ಕೊಟ್ಟದ್ದು ಕಡ್ಲೆಮಿಠಾಯೀನೇ!"

"ಇನ್ನೇನು ಬೀಡಿ ಕೊಡ್ಲಾ ನಿಮ್ಗೆ?"

ನಗಬಾರದೆಂದುಕೊಂಡರೂ ನಗು ಬಂತು. ಅವರು ನಗಲಿಲ್ಲ. ಗಲ್ಲಾದ ಮೇಲೆ ಕೈ ಊರಿ ಬೀದಿಯ ಕಡೆ ನೋಡುತ್ತಾ, "ಈ ಕಟ್ಟಡ ಕೆಡವ್ತಾರಂತೆ ಟೀಚ್ರಮ್ಮ," ಎಂದರು. ಕಟ್ಟಡದ ಮಾಲೀಕರು ಹಿಂದಿನ ದಿನ, ಅಂದರೆ ನಾನು ಮಾರ್ಟಿನಲ್ಲಿ ಬೋಣಿ ಮಾಡಿದ ಅದೇ ಭಾನುವಾರ, ಬಂದು ಹೇಳಿಹೋಗಿದ್ದರು. ತಿಂಗಳೊಳಗೆ ಖಾಲಿ ಮಾಡಬೇಕು. ಒಳಗಲ್ಲಿಯಲ್ಲಿ ಅವರದೇ ಪುಟ್ಟ ಮನೆಯಿತ್ತು. ಅದರ ಮುಂದಿನ ಕೋಣೆಯಲ್ಲಿ ಅಂಗಡಿ ಹಾಕುವುದು, ಬೇರೆ ದಾರಿಯಿಲ್ಲ. ಬೀದಿಯ ಮೂಲೆಯಲ್ಲಾದರೆ ಹೋಗಿಬರುವವರು ನಿಲ್ಲುತ್ತಾರೆ. ಗಲ್ಲಿಯೊಳಕ್ಕೆ ಹುಡುಕಿಕೊಂಡು ಯಾರು ಬರುತ್ತಾರೆ? ನಡೆದರೆ ಅಂಗಡಿ, ಇಲ್ಲದಿದ್ದರೆ ಅಣ್ಣನ ಮನೆ ಸೇರಿ ಅತ್ತಿಗೆಯ ಕೈ ನೋಡಿಕೊಂಡಿರುವುದು. ಅತ್ತಿಗೆಯ ಮಾತು ಎತ್ತುವಾಗ ಆ ಗಟ್ಟಿ ಹೆಂಗಸು ದನಿ ತಗ್ಗಿಸಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಅಲ್ಲಿ ಹಾಲು, ಬೀಡಿ, ದಿನಸಿ ಅಂತ ಮೂರು ಬೋಣಿ ಇಲ್ಲ," ಎಂದರು. "ಹೊಸ ಅಂಗ್ಡಿಗೆ ಒಂದೇ ಬೋಣಿ, ಒಂದೇ ಕೈ. ಅದ್ರ ಮೇಲೆ ನಿಲ್ಬೇಕು ಎಲ್ಲ."

ಯಾರ ಕೈ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನದೇ ಆಗಲಿ ಎಂದು ಆಸೆಯಿತ್ತು. ನನ್ನದಾಗದಿರಲಿ ಎಂದು ಭಯವೂ ಇತ್ತು. ಹೊಸ ಅಂಗಡಿ, ಮೊದಲ ಬೋಣಿ, ಅದಕ್ಕೆ ನನ್ನಂಥವಳು! ಅಲ್ಲದೆ ಭಾನುವಾರ ನನ್ನ ಕೈ ಮಾರ್ಟಿಗೆ ಹೋಗಿ ಬಂದಿತ್ತು.

ಪೂಜೆ ಒಂದು ಶುಕ್ರವಾರ ಬೆಳಿಗ್ಗೆ ಇತ್ತು. ಬಾಗಿಲಿಗೆ ಮಾವಿನೆಲೆ, ಹೊಸಿಲಿಗೆ ಅರಿಶಿನ, ಗಲ್ಲಾಪೆಟ್ಟಿಗೆಗೆ ಸೇವಂತಿಗೆ. ನರ್ಸಮ್ಮ ತಲೆತುಂಬ ಮಲ್ಲಿಗೆ ಮುಡಿದು ಮುಂದೆ ನಿಂತಿದ್ದರು. ಕಂಡಕ್ಟರ್ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಬಂದಿದ್ದ. ಇನ್ನೂ ನಾಲ್ಕಾರು ಜನ ಬಲಗೈಯಲ್ಲಿ ನೋಟು ಹಿಡಿದು ನಿಂತಿರುವುದನ್ನು ನೋಡಿದಾಗ, ಈ ಬೋಣಿಯ ಬಳಗ ನಮ್ಮ ಮೂವರಿಗೇ ಮುಗಿದಿಲ್ಲ ಎಂದು ಗೊತ್ತಾಯಿತು. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದರು. ನಾನು ಹಿಂದೆ, ಚರಂಡಿಯ ಹತ್ತಿರ ನಿಂತೆ.

ಮಂಗಳಾರತಿ ಆಯಿತು. ಅಂಗಡಿಯಮ್ಮ ಗಲ್ಲಾದ ಹಿಂದೆ ಹೋಗಿ ಕೂತರು. ಜನರ ಮೇಲಿಂದ ಕತ್ತು ಉದ್ದ ಮಾಡಿ, "ಟೀಚ್ರಮ್ಮ, ಬನ್ನಿ," ಎಂದರು.

ಅವರ ಅತ್ತಿಗೆ ಅಲ್ಲೇ ಇದ್ದವರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಮೊದ್ಲುದು ಮುತ್ತೈದೆ ಕೈಲಿ ಆಗ್ಲಿ ಕಣವ್ವ," ಎಂದರು. ನಾನು ಇನ್ನೊಂದು ಹೆಜ್ಜೆ ಹಿಂದೆ ಸರಿದೆ. ಹಿಂದೆ ಚರಂಡಿ ಇರದಿದ್ದರೆ ಇನ್ನೂ ಸರಿಯುತ್ತಿದ್ದೆ.

"ಅತ್ಗಮ್ಮ," ಎಂದರು ಅಂಗಡಿಯಮ್ಮ, "ಅಂಗ್ಡಿ ಮಡಗಿರೋ ಕೈ ಎಂತದ್ದು? ನನ್ ಕೈಲಿ ತೂಕ ಮಾಡ್ಸ್ಕಂಡು ಊರೆಲ್ಲ ಉಣ್ತದಲ್ಲ, ಬೋಣಿಗೆ ಅವ್ರ ಕೈ ಆಗಕಿಲ್ವಾ?"

ನರ್ಸಮ್ಮ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ನಾನು ಹೋಗಿ ಒಂದು ಅಚ್ಚು ಬೆಲ್ಲ ಕೇಳಿದೆ. ಬೆಲ್ಲ ಕಟ್ಟಿಕೊಡುವಾಗ ಅವರಿಗಷ್ಟೇ ಕೇಳುವ ಹಾಗೆ, "ನಾನೇ ಯಾಕೆ? ಎಲ್ಲರಿಗೂ ಅದೇ ಮಾತು ಹೇಳಿದ್ರಲ್ಲ," ಎಂದೆ.

"ಅವ್ರೆಲ್ಲ ಯೋಳ್ದಿದ್ರೂ ಬತ್ತಿದ್ರು," ಎಂದು ದಾರ ಸುತ್ತುತ್ತಲೇ ಹೇಳಿದರು. "ನೀವು ಕಿಟ್ಕಿ ಸಂದೀಲೇ ನಿಂತಿರ್ತಿದ್ರಿ."

ಕಿಟಕಿಯ ಸಂಗತಿ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ಬೆಲ್ಲ ಹಿಡಿದುಕೊಂಡು ಬಸ್ಸಿಗೆ ಹೋದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ಬೋಣಿ ಮಾಡಿ ಹೋದ ಅರ್ಧ ಗಂಟೆಗೆ ಆ ಗಲ್ಲಿಯ ಬಾಯಿಗೆ ಜೆಸಿಬಿ ಬಂದು ನಿಂತಿತಂತೆ. ನೀರಿನ ಪೈಪು ಹಾಕಬೇಕೆಂದು ಗಲ್ಲಿಯ ಬಾಯಿಗೆ ಅಡ್ಡಲಾಗಿ ಆಳುದ್ದ ಗುಂಡಿ ತೆಗೆದರಂತೆ. ಮಧ್ಯಾಹ್ನ ಮಳೆ ಹುಯ್ದು ಗುಂಡಿ ತುಂಬಿತಂತೆ. ಕರೆಂಟೂ ಹೋಯಿತಂತೆ. ಹೊಸ ಅಂಗಡಿಗೆ ಬೋಣಿಗೆ ಬಂದವರನ್ನು ಬಿಟ್ಟರೆ ಸಂಜೆಯ ತನಕ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಇಷ್ಟನ್ನೂ ಹೇಳಿ, ನನ್ನ ಮುಖ ನೋಡಿ, ಮಿಕ್ಕದ್ದನ್ನು ನುಂಗಿಕೊಂಡ.

ಆ ರಾತ್ರಿ ನನ್ನ ವಿಜ್ಞಾನ ಯಾವ ಕೆಲಸಕ್ಕೂ ಬರಲಿಲ್ಲ. ಅತ್ತಿಗೆ ಈಗ ಏನನ್ನುತ್ತಿರಬಹುದು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಎದ್ದವಳು, ಎಷ್ಟೋ ಕಾಲದ ಮೇಲೆ, ಮತ್ತೆ ಕಿಟಕಿಯ ಸಂದಿಯಿಂದ ಬೀದಿ ನೋಡಿದೆ. ಎದುರುಮನೆಯ ಯಜಮಾನರು ಹಾಲಿಗೆ ಹೋಗಿದ್ದರು. ಜಿನುಗು ಮಳೆ ಇತ್ತು. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಗಲ್ಲಿಯ ಬಾಯಿಯನ್ನು ದಾಟಲೇಬೇಕು. ಕೊಡೆಯನ್ನು ಆ ಕಡೆಗೆ ಪೂರ್ತಿ ವಾಲಿಸಿಕೊಂಡು, ಉಸಿರು ಬಿಗಿಹಿಡಿದು ನಡೆದೆ.

"ಟೀಚ್ರಮ್ಮೋ! ಕೊಡೆ ಮರೇಲಿ ಓದ್ರೆ ಸೀರೆ ಕಾಣಕಿಲ್ವಾ?"

ಗುಂಡಿಯ ಆಚೆ ದಡದಲ್ಲಿ ಅಂಗಡಿಯಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. "ಬನ್ನಿ, ಬೋಣಿ ಆಗಿಲ್ಲ!"

ಗುಂಡಿಯ ಈಚೆಯಿಂದ ನಾನೂ ಕೂಗಬೇಕಾಯಿತು. "ಬೇಡ ಕಣ್ರೀ! ನೆನ್ನೆ ನನ್ನ ಕೈಯಿಂದ ಏನಾಯ್ತು ನೋಡಿದ್ರಲ್ಲ!"

"ಏನಾಯ್ತು? ನಿಮ್ಮ ಕೈಗುಣಕ್ಕೆ ಗುಂಡಿ ಬೀದೀಲಿ ಬಿತ್ತು. ಬೇರೇರು ಬೋಣಿ ಮಾಡಿದ್ರೆ ಅಂಗ್ಡಿ ಒಳೀಕೇ ತೋಡ್ಬುಡೋರು!"

ಇಂಥ ಉತ್ತರವನ್ನು ಒಂಬತ್ತನೇ ತರಗತಿಯವರು ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಕೊಡೆ ಮಡಚಿದೆ.

ಗುಂಡಿಗೆ ಅಡ್ಡಲಾಗಿ ಒಂದೇ ಒಂದು ಹಲಗೆ ಹಾಕಿದ್ದರು. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ನಾನು ಈ ಕಡೆ ಹಲಗೆಯ ಮೇಲೆ ಕಾಲಿಟ್ಟು ತಲೆ ಎತ್ತಿದರೆ, ಆ ಕಡೆ ಹಲಗೆಯ ಮೇಲೆ ಕಾಲಿಡಲು ಬಂದವರು ನಮ್ಮ ಎದುರುಮನೆಯ ಯಜಮಾನರು. ಕೈಯಲ್ಲಿ, ಗಲ್ಲಿಯ ಕೊನೆಯಲ್ಲಿ ಹಸು ಸಾಕಿದವರ ಮನೆಯಿಂದ ತುಂಬಿಸಿಕೊಂಡ ಹಾಲಿನ ಕ್ಯಾನು. ನನ್ನನ್ನು ಕಂಡವರೇ ಎಂದಿನಂತೆ ಹಿಂದಕ್ಕೆ ತಿರುಗಿದರು. ನನ್ನ ಕಾಲೂ ಅಲ್ಲೇ ನಿಂತಿತು.

"ಎಲ್ಲೀಗೆ ಯಜಮಾನ್ರೇ?" ಅಂಗಡಿಯಮ್ಮ ಅವರ ದಾರಿಗೆ ಅಡ್ಡ ನಿಂತು, ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದರು. "ವಸಿ ಪಕ್ಕಕ್ಕೆ ನಿಂತ್ಕಳಿ. ಬೋಣಿ ಬತ್ತಾ ಅದೆ!"

ಯಜಮಾನರು ಅತ್ತ ಇತ್ತ ನೋಡಿದರು. ಹೋಗಲು ದಾರಿಯಿರಲಿಲ್ಲ, ಕುಡಿಯಲು ನೀರೂ ಇರಲಿಲ್ಲ. ಹಾಲಿನ ಕ್ಯಾನನ್ನು ಎದೆಗೆ ಅವುಚಿಕೊಂಡು ಪಕ್ಕಕ್ಕೆ ಸರಿದು ನಿಂತರು. ನಾನು ನಿಧಾನವಾಗಿ, ತಲೆ ತಗ್ಗಿಸದೆ, ಅವರ ಎದುರಿಗೇ ಹಲಗೆ ದಾಟಿ ಅಂಗಡಿಗೆ ಹೋದೆ.